ಬಾಗಿಲು ಬಡಿಯುತ್ತಿದ್ದ ಹಳೇ ಫೋನು

ಅಪ್ಸರಕೊಂಡದ ಗುಡ್ಡ ಹತ್ತಿದರೆ ಮೊಬೈಲಿಗೆ ನಾಲ್ಕು ಕಡ್ಡಿ ಸಿಗ್ನಲ್ಲು. ಗುಡ್ಡದ ಬುಡದ ಅಡಿಕೆ ತೋಟದೊಳಗಿರುವ ನಮ್ಮ ಮನೆಯಲ್ಲಿ ಒಂದು ಕಡ್ಡಿ ಬಂದರೆ ಅದೇ ಹಬ್ಬ. ಹಾಗಾಗಿ ರಜೆಗೆ ಊರಿಗೆ ಬಂದಾಗಲೆಲ್ಲ ಗುಡ್ಡದ ಮೇಲಿನ ಉದ್ಯಾನದ ಬೆಂಚೇ ನನ್ನ ಆಫೀಸು. ಹೊನ್ನಾವರದಿಂದ ದಕ್ಷಿಣಕ್ಕೆ ಏಳೆಂಟು ಕಿಲೋಮೀಟರ್ ಬಂದು, ಹೆದ್ದಾರಿ ಬಿಟ್ಟು ಕಡಲ ಕಡೆ ತಿರುಗಿದರೆ ಈ ಜಾಗ. ಕೆಳಗೆ ಜಲಪಾತ, ನೀರು ಬೀಳುವ ಕೊಂಡ, ಪಾಂಡವರು ತಂಗಿದ್ದರೆಂದು ಹೇಳುವ ಗುಹೆ. ಮೇಲೆ ನಿಂತರೆ ಕಣ್ಣು ಹಾಯುವಷ್ಟೂ ಪಡುಗಡಲು. ಅಪ್ಸರೆಯರು ಮೀಯಲು ಇಳಿಯುತ್ತಿದ್ದ ಕೊಂಡವಂತೆ, ಅದಕ್ಕೇ ಈ ಹೆಸರು. ಸೂರ್ಯ ಮುಳುಗುವುದನ್ನು ನೋಡಲು ಬಂದವರ ನಡುವೆ ಲ್ಯಾಪ್‌ಟಾಪ್ ಬಿಚ್ಚಿ ಕೂತ ನನ್ನನ್ನು ಕಂಡು, ಇವನು ಷೇರು ವ್ಯವಹಾರದವನಿರಬೇಕು ಎಂದು ಒಬ್ಬರು ಪಕ್ಕದವರಿಗೆ ಹೇಳಿದ್ದು ಕಿವಿಗೆ ಬಿದ್ದಿತ್ತು. ಅಷ್ಟು ದೊಡ್ಡ ಕೆಲಸ ನನ್ನದಲ್ಲ. ಬೆಂಗಳೂರಿನ ಒಂದು ಕಂಪನಿಯಲ್ಲಿ ಇನ್ನೂರು ಚಿಲ್ಲರೆ ಜನರಿದ್ದಾರೆ. ಅವರ ಇಮೇಲ್ ತೆರೆದುಕೊಳ್ಳದಿದ್ದರೆ ನನಗೆ ಫೋನು ಬರುತ್ತದೆ.

2023ರ ಅಕ್ಟೋಬರ್ 20, ನವರಾತ್ರಿಯ ಶುಕ್ರವಾರ. ಸಂಜೆ ಐದರ ಹೊತ್ತಿಗೆ ಬಂದ ಫೋನು ಅಕೌಂಟ್ಸ್ ವಿಭಾಗದ ಮೇಡಂ ಅವರದು. ಜಿಎಸ್‌ಟಿ ರಿಟರ್ನಿಗೆ ಅಂದೇ ಕೊನೆಯ ದಿನ. ಆಡಿಟರ್ ಕಳಿಸಿದ ಲೆಕ್ಕ ಮೇಲ್‌ನಲ್ಲಿದೆ, ಮೇಲ್ ತೆರೆಯುತ್ತಿಲ್ಲ. ಖಾತೆಗೆ ಬೀಗ ಬಿದ್ದದ್ದು ಅಂದು ಅದು ನಾಲ್ಕನೆಯ ಸಲ. ಸಹಾಯಕ್ಕೆ ಕೂತ ನಮ್ಮ ಹುಡುಗ ನಾಲ್ಕು ಸಲವೂ ಬೀಗ ತೆಗೆದಿದ್ದಾನೆ, ಎರಡು ಸಲ ಪಾಸ್‌ವರ್ಡನ್ನೇ ಬದಲಿಸಿಕೊಟ್ಟಿದ್ದಾನೆ. ಕೊನೆಗೆ ಅವನ ಬಾಯಿಂದ ಆ ಮಾತು ಬಂದೇಬಿಟ್ಟಿದೆ: ‘ಸ್ವಲ್ಪ ಬರೆದಿಟ್ಟುಕೊಳ್ಳಿ ಮೇಡಂ, ಮರೆತುಬಿಡ್ತೀರಿ.’

‘ನನಗೆ ಮರೆವು ಅಂತಾನೆ ಸರ್. ಇಪ್ಪತ್ತು ವರ್ಷದ ಲೆಡ್ಜರ್ ಬಾಯಲ್ಲಿದೆ ನನಗೆ. ಎಂಟು ಅಕ್ಷರ ಮರೀತೀನಾ?’

ಅವರ ದನಿಯಲ್ಲಿದ್ದದ್ದು ಕೋಪಕ್ಕಿಂತ ಅವಮಾನ. ಈ ಉದ್ಯೋಗದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಆ ದನಿ ಚೆನ್ನಾಗಿ ಗೊತ್ತು. ತಾನು ತಾನೇ ಎಂದು ಹೇಳುತ್ತಿರುವವರನ್ನು ಯಂತ್ರ ನಂಬದಿದ್ದರೆ ಒಂದು ಥರ. ಯಂತ್ರದ ಮಾತು ಕೇಳಿ ಮನುಷ್ಯನೂ ನಂಬದಿದ್ದರೆ ಇನ್ನೊಂದು ಥರ.

ತಪ್ಪು ಪಾಸ್‌ವರ್ಡ್ ಹೊಡೆದಾಗ ಸರ್ವರ್ ಹೇಳುವುದು ಒಂದೇ ಮಾತು: ‘ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ.’ ಆ ‘ಅಥವಾ’ ಬೇಕೆಂದೇ ಹಾಕಿದ್ದು. ಹೆಸರು ಸರಿಯಿದೆ, ಪಾಸ್‌ವರ್ಡ್ ಮಾತ್ರ ತಪ್ಪು ಎಂದು ಬಾಯಿಬಿಟ್ಟರೆ ಕಳ್ಳನಿಗೆ ಅರ್ಧ ದಾರಿ ತೋರಿಸಿದ ಹಾಗಾಗುತ್ತದೆ. ಆದರೆ ಹೊರಗೆ ಹೀಗೆ ಮುಗುಮ್ಮಾಗಿರುವ ಸರ್ವರ್ ಒಳಗೆ ತನ್ನ ಲಾಗ್‌ನಲ್ಲಿ ಎಲ್ಲವನ್ನೂ ಬಿಡಿಸಿ ಬರೆದುಕೊಂಡಿರುತ್ತದೆ. ವಿಂಡೋಸ್ ಸರ್ವರಿನಲ್ಲಾದರೆ ಪ್ರತಿ ವಿಫಲ ಲಾಗಿನ್ನಿಗೂ 4625 ಎಂಬ ಸಂಖ್ಯೆಯ ದಾಖಲೆ. ಅದರೊಳಗೊಂದು ಉದ್ದದ ಸಂಕೇತ. ಅದರ ಬಾಲದಲ್ಲಿ 64 ಇದ್ದರೆ ಅಂಥ ಹೆಸರಿನವರೇ ಇಲ್ಲ. 6ಎ ಇದ್ದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. 234 ಇದ್ದರೆ ಖಾತೆಗೇ ಬೀಗ ಬಿದ್ದಿದೆ. ಕಳ್ಳನಿಗೆಂದು ಮಾಡಿದ ಮೌನವನ್ನು ಮನೆಯ ಯಜಮಾನಿಯೂ ಅನುಭವಿಸಬೇಕು. ಅದಕ್ಕೆ ಬೇರೆ ದಾರಿಯಿಲ್ಲ. ಆದರೆ ಲಾಗ್ ಓದಬಲ್ಲವನು ಅದನ್ನು ಓದದೆಯೇ ‘ಮರೆತಿದ್ದೀರಿ’ ಎಂದರೆ ಅದು ಬರೀ ಸೋಮಾರಿತನ.

ನಾನೂ ಆ ಸೋಮಾರಿತನ ಮಾಡಿ ಪೆಟ್ಟು ತಿಂದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಚೇರಿಗೆ ಹೋಗಿದ್ದೆ. ಹಿರಿಯ ಗುಮಾಸ್ತರೊಬ್ಬರಿಗೆ ದಿನಾ ಮಧ್ಯಾಹ್ನದ ಮೇಲೆ ಮೇಲ್ ತೆರೆಯುತ್ತಿರಲಿಲ್ಲ, ಬೆಳಿಗ್ಗೆ ತೆರೆಯುತ್ತಿತ್ತು. ‘ಊಟ ಮಾಡಿ ಬಂದ್ಮೇಲೆ ಇದಕ್ಕೆ ನನ್ನ ಗುರುತು ಸಿಗೋದಿಲ್ಲ ನೋಡಿ’ ಎಂದು ಅವರೇ ನಗುತ್ತಿದ್ದರು. ನಾನು ಮೂರು ಸಲ ಪಾಸ್‌ವರ್ಡ್ ಬದಲಿಸಿಕೊಟ್ಟೆ. ನಾಲ್ಕನೆಯ ಸಲ ಅವರ ಕೀಲಿಮಣೆಯ ಮೂಲೆಯಲ್ಲಿ ಒಂದು ಹಸಿರು ದೀಪ ಉರಿಯುತ್ತಿದ್ದದ್ದು ಕಂಡಿತು. ಸ್ಕ್ರಾಲ್ ಲಾಕ್. ನುಡಿ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುವುದು ಆ ಕೀಲಿಯಿಂದಲೇ. ಬೆಳಗ್ಗೆ ಇಂಗ್ಲಿಷ್ ಪತ್ರ, ಮಧ್ಯಾಹ್ನದ ಮೇಲೆ ಕನ್ನಡ ಟಿಪ್ಪಣಿ. ಟಿಪ್ಪಣಿ ಮುಗಿಸಿ ಮೇಲ್ ತೆರೆಯಲು ಹೋದರೆ ಬೆರಳು ಸರಿಯಾದ ಕೀಲಿಯನ್ನೇ ಒತ್ತುತ್ತಿತ್ತು, ಒಳಗೆ ಹೋಗುತ್ತಿದ್ದದ್ದು ಮಾತ್ರ ಬೇರೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕಿ. ಕನ್ನಡಕ್ಕೂ ಅದೇ ಚುಕ್ಕಿ, ಇಂಗ್ಲಿಷಿಗೂ ಅದೇ ಚುಕ್ಕಿ. ನೋಟ್‌ಪ್ಯಾಡ್‌ನಲ್ಲಿ ಬರೆಸಿ ನೋಡಿದರೆ ತಲೆಬುಡವಿಲ್ಲದ ಗುರುತುಗಳ ಸಾಲು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಅಳವಡಿಸಿದ ಮೇಲೆ ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಬೆರಳಚ್ಚು ಎಷ್ಟು ಸಲೀಸಾಯಿತೆಂದರೆ, ಎಷ್ಟೋ ಜನರಿಗೆ ತಾವು ಯಾವ ಭಾಷೆಯಲ್ಲಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಆ ಗುಮಾಸ್ತರು ಪಾಸ್‌ವರ್ಡ್ ಮರೆತಿರಲಿಲ್ಲ. ದೀಪ ನೋಡಲು ಮರೆತವನು ನಾನು.

ಇನ್ನೊಂದು ಸಲ ಇದೇ ಕರಾವಳಿಯ ಒಂದು ಸೊಸೈಟಿಯಲ್ಲಿ. ಮಳೆಗಾಲ, ದಿನಕ್ಕೆ ಹತ್ತು ಸಲ ಕರೆಂಟು ಹೋಗಿಬರುತ್ತಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಮೇಲೂ ಇಲ್ಲ, ಬ್ಯಾಂಕಿನ ಪುಟವೂ ಇಲ್ಲ. ಇಂಟರ್ನೆಟ್ ಇದೆ, ಪಾಸ್‌ವರ್ಡ್ ಸರಿಯಿದೆ, ತಂತಿ ಸರಿಯಿದೆ. ಪರದೆಯ ಬಲಮೂಲೆಯ ತಾರೀಕು ನೋಡಿದರೆ ಹಲವು ವರ್ಷ ಹಿಂದಿನದು! ಮದರ್‌ಬೋರ್ಡ್ ಮೇಲೆ ಹಳೆಯ ನಾಲ್ಕಾಣೆಯಷ್ಟಗಲದ ಮೂರು ವೋಲ್ಟಿನ ಒಂದು ಸೆಲ್ಲಿರುತ್ತದೆ, ಕರೆಂಟು ಹೋದಾಗ ಗಡಿಯಾರ ನಡೆಸುವುದು ಅದು. ಆ ಸೆಲ್ಲು ಸತ್ತಿತ್ತು. ಮೇಲ್ ಸರ್ವರ್ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಉಂಟು. ಹಳೆಯ ಕಾಲದಲ್ಲಿ ಕೂತ ಕಂಪ್ಯೂಟರಿನ ಕಣ್ಣಿಗೆ ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಅದು ನಂಬುವುದಾದರೂ ಹೇಗೆ? ದೊಡ್ಡ ಕಂಪನಿಗಳ ಜಾಲದಲ್ಲಿ ಇದು ಇನ್ನೂ ಬಿಗಿ. ಅಲ್ಲಿ ಗುರುತು ಪರೀಕ್ಷಿಸುವ ಕೆರ್ಬೆರಸ್ ಎಂಬ ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ಹೆಸರು ಗ್ರೀಕರ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯದು. ಸರ್ವರಿನ ಗಡಿಯಾರಕ್ಕೂ ನಿಮ್ಮ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಸಾಮಾನ್ಯವಾಗಿ ಅದು ಒಳಗೆ ಬಿಡುವುದಿಲ್ಲ. ಮುಹೂರ್ತ ತಪ್ಪಿದರೆ ಧಾರೆ ಇಲ್ಲ ಎನ್ನುವ ನಮ್ಮ ಪುರೋಹಿತರಿಗಿಂತ ಕಟ್ಟುನಿಟ್ಟು.

ಕೆಲವು ಸಲ ಮರೆವು ಬಾಗಿಲ ಆಚೆಯವರದೇ ಆಗಿರುತ್ತದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ್ದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜತೆ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದ್ದು, ಮರುವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡದ್ದು ಎಲ್ಲರಿಗೂ ಗೊತ್ತು. 1999ರ ಕ್ರಿಸ್‌ಮಸ್ ಹೊತ್ತಿಗೆ ಅದರ ಬಾಗಿಲು ಏಕೆ ಮುಚ್ಚಿಕೊಂಡಿತು ಎಂಬುದು ಅಷ್ಟು ಜನರಿಗೆ ಗೊತ್ತಿಲ್ಲ. ಜನ ಲಾಗಿನ್ ಆಗಲು ಹೋದರೆ ಆಗುತ್ತಿಲ್ಲ. ಲಾಗಿನ್ ಕೆಲಸ ನೋಡಿಕೊಳ್ಳುತ್ತಿದ್ದ ‘ಪಾಸ್‌ಪೋರ್ಟ್’ ತಾಣದ ವಿಳಾಸದ ನೋಂದಣಿಯನ್ನು ನವೀಕರಿಸಲು ಮೈಕ್ರೋಸಾಫ್ಟ್‌ನವರೇ ಮರೆತಿದ್ದರು. ಶುಲ್ಕ 35 ಡಾಲರ್. ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ಅದನ್ನು ಪತ್ತೆ ಮಾಡಿ ತನ್ನ ಕಾರ್ಡಿನಿಂದಲೇ ದುಡ್ಡು ಕಟ್ಟಿದ. ಬಾಗಿಲು ತೆರೆಯಿತು. ಅಷ್ಟರೊಳಗೆ ಎಷ್ಟು ಜನ ಗಂಡನನ್ನೋ ಮಗನನ್ನೋ ಕರೆದು ‘ನಾನೇನೋ ತಪ್ಪು ಒತ್ತಿದೆ ಅನ್ಸುತ್ತೆ’ ಎಂದು ತಮ್ಮ ತಲೆಯ ಮೇಲೇ ಎಳೆದುಕೊಂಡಿರಬೇಡ!

ಅಂದು ಗುಡ್ಡದ ಮೇಲೆ ಇವೆಲ್ಲ ಒಟ್ಟಿಗೆ ನೆನಪಾದವು ಎಂದರೆ ಸುಳ್ಳಾದೀತು. ನೆನಪಾದದ್ದು ಕಾರ್ಬಟೊ ಹೇಳಿದ ಶುಕ್ರವಾರದ ಕತೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಎಂಬುದು ಬಂದದ್ದು 1960ರ ದಶಕದ ಆರಂಭದಲ್ಲಿ, ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿದಾಗ. ಯಂತ್ರ ಒಂದೇ ಆದರೂ ಅವರವರ ಕಡತ ಅವರವರಿಗೆ. ಅದಕ್ಕೊಂದು ಗುಟ್ಟಿನ ಪದ. ಒಂದು ದಿನ ಇಬ್ಬರು ಮೇಲ್ವಿಚಾರಕರು ಒಟ್ಟಿಗೇ ಕೆಲಸಕ್ಕೆ ಕೂತರು. ಒಬ್ಬರು ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿಯನ್ನು. ಇಬ್ಬರು ಒಂದೇ ಹೊತ್ತಿಗೆ ತಿದ್ದಬಹುದೆಂದು ಆ ತಂತ್ರಾಂಶ ಬರೆದವರು ಎಣಿಸಿರಲಿಲ್ಲ. ಎರಡೂ ಕಡತ ಅದಲುಬದಲಾದವು. ಆಮೇಲೆ ಲಾಗಿನ್ ಆದ ಪ್ರತಿಯೊಬ್ಬರ ಮುಂದೆಯೂ ‘ಸ್ವಾಗತ’ದ ಬದಲು ಎಲ್ಲರ ಪಾಸ್‌ವರ್ಡುಗಳೂ ಸಾಲಾಗಿ ಅಚ್ಚಾಗಿ ಬಂದವು. ಶುಕ್ರವಾರ ಸಂಜೆ ಐದು ಗಂಟೆ. 1990ರ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಮಾಡಿದ ಭಾಷಣದಲ್ಲಿ ಕಾರ್ಬಟೊ ಇದನ್ನು ಹೇಳಿಕೊಂಡಿದ್ದಾರೆ. ದೊಡ್ಡ ವೇದಿಕೆಯಲ್ಲಿ ನಿಂತು ತಮ್ಮ ಎಡವಟ್ಟನ್ನು ಹೇಳುವ ಮನಸ್ಸು ಎಷ್ಟು ಜನರಿಗಿದೆ?

ಮೇಡಂ ಅವರನ್ನು ಒಂದೇ ಪ್ರಶ್ನೆ ಕೇಳಿದೆ: ‘ಇದು ಶುರುವಾದದ್ದು ಯಾವಾಗಿಂದ?’

‘ಪಾಸ್‌ವರ್ಡ್ ಬದಲಿಸಿ ಅಂತ ಬಂತಲ್ಲ ಸರ್, ಆವತ್ತಿಂದ. ಒಂಬತ್ತು ದಿನ ಆಯ್ತು.’

ನಮ್ಮ ಕಂಪನಿಯಲ್ಲಿ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು. ಅದರಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕು. ಈ ನಿಯಮಗಳ ಬೇರು ಅಮೆರಿಕದ ಮಾನಕ ಸಂಸ್ಥೆಯ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಒಂದು ದಾಖಲೆಯಲ್ಲಿದೆ. 2017ರಲ್ಲಿ, ನಿವೃತ್ತರಾದ ಮೇಲೆ, ತಾವು ಬರೆದದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದು ಅವರೇ ಪತ್ರಿಕೆಯೊಂದಕ್ಕೆ ಹೇಳಿದರು. ಜನ ಮಾಡುತ್ತಿದ್ದದ್ದು ಇಷ್ಟೆ, ಕೊನೆಯ 1 ತೆಗೆದು 2 ಹಾಕುವುದು. ಅದೇ ವರ್ಷ ಆ ಸಂಸ್ಥೆಯೂ, ಕದ್ದುಹೋದ ಸುಳಿವಿಲ್ಲದಿದ್ದರೆ ಸುಮ್ಮಸುಮ್ಮನೆ ಪಾಸ್‌ವರ್ಡ್ ಬದಲಿಸಲು ಹೇಳಬೇಡಿ ಎಂದು ತನ್ನ ಮಾತನ್ನು ತಿದ್ದಿಕೊಂಡಿತು. ಬರೆದವರೇ ಹಿಂತೆಗೆದುಕೊಂಡ ನಿಯಮ ನಮ್ಮ ಕಂಪನಿಯಲ್ಲಿ ಇನ್ನೂ ಜಾರಿಯಲ್ಲಿದೆ. ಇದನ್ನು ನಾನು ಎರಡು ಸಲ ಮೀಟಿಂಗಿನಲ್ಲಿ ಎತ್ತಿದ್ದೇನೆ. ಎರಡು ಸಲವೂ ಚಹಾ ಬಂತು.

ಬದಲಿಸಿದ ದಿನದಿಂದ ಶುರು ಎಂದ ಮೇಲೆ ದಾರಿ ಅರ್ಧ ಸಿಕ್ಕಿದ ಹಾಗೆ. ಎಲ್ಲೋ ಒಂದು ಕಡೆ ಹಳೆಯ ಪಾಸ್‌ವರ್ಡ್ ಇನ್ನೂ ಉಸಿರಾಡುತ್ತಿದೆ. ಐದು ಸಲ ತಪ್ಪಿದರೆ ಅರ್ಧ ಗಂಟೆ ಬೀಗ ಎಂಬುದು ನಾವಿಟ್ಟ ನಿಯಮ. ಊಹಿಸಿ ಊಹಿಸಿ ನುಗ್ಗುವವರನ್ನು ತಡೆಯಲು ಇಟ್ಟದ್ದು. ಅದರ ಇನ್ನೊಂದು ಮುಖವೆಂದರೆ, ಯಾರು ಬೇಕಾದರೂ ಹೊರಗೆ ನಿಂತು ಐದು ಸಲ ಬಡಿದರೆ ಒಳಗಿನವರು ಹೊರಗಾಗುತ್ತಾರೆ.

ಮೊಬೈಲಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು ಕಂಪನಿಯ ಜಾಲದೊಳಗೆ ಹೊಕ್ಕೆ. ಖಾತೆಗೆ ಬೀಗ ಬಿದ್ದಾಗಲೆಲ್ಲ ಮುಖ್ಯ ಸರ್ವರ್ 4740 ಎಂಬ ಸಂಖ್ಯೆಯಲ್ಲಿ ಒಂದು ದಾಖಲೆ ಬರೆಯುತ್ತದೆ. ಯಾವ ಯಂತ್ರದಿಂದ ತಪ್ಪು ಪಾಸ್‌ವರ್ಡ್ ಬಂತು ಎಂಬುದು ಅದರಲ್ಲಿರುತ್ತದೆ. ನೋಡಿದರೆ ಅಲ್ಲಿದ್ದ ಹೆಸರು ನಮ್ಮದೇ ಮೇಲ್ ಸರ್ವರಿನದು. ಹೊಸಬರು ಇಲ್ಲಿ ಎಡವುತ್ತಾರೆ. ಮೇಲ್ ಸರ್ವರ್ ಕೆಟ್ಟಿದೆ ಎಂದು ಅದನ್ನೇ ಬಿಚ್ಚಲು ಕೂರುತ್ತಾರೆ. ಅದು ಬರೀ ಚೀಟಿ ತಂದುಕೊಟ್ಟ ಜವಾನ. ಚೀಟಿ ಬರೆದವರು ಬೇರೆ. ಮೇಲ್ ಸರ್ವರಿನ ಲಾಗ್ ತೆರೆದು ಮೇಡಂ ಹೆಸರು ಹುಡುಕಿದೆ. ಎರಡು ಫೋನು ಕಂಡವು. ಒಂದು ಬೆಂಗಳೂರಿನದು, ಸರಿಯಾಗಿಯೇ ಇದೆ. ಇನ್ನೊಂದು ಕೊನೆಯ ಸಲ ಪತ್ರ ಪಡೆದದ್ದು ಒಂಬತ್ತು ದಿನದ ಹಿಂದೆ. ಅಂದಿನಿಂದ ಬಡಿಯುತ್ತಲೇ ಇದೆ. ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಅಂದು ಮಾತ್ರ ಬೆಳಗಿನಿಂದ ಬಿಡುವಿಲ್ಲ.

‘ಮೇಡಂ, ನಿಮ್ಮ ಹಳೇ ಫೋನ್ ಎಲ್ಲಿದೆ?’

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ‘ಅಪ್ಪನ ಹತ್ರ ಇದೆ ಸರ್. ತಿಪಟೂರಿನ ಹತ್ರ ನಮ್ಮೂರು. ಹೊಸದು ತಗೊಂಡಾಗ ಅದನ್ನ ಅವರಿಗೆ ಕೊಟ್ಟೆ. ಅಯ್ಯೋ, ಆಫೀಸ್ ಮೇಲ್ ತೆಗೀಲೇ ಇಲ್ಲ.’

ಇಲ್ಲಿ ಒಂದು ಮಾತು ಬೇರೆ ಹೇಳಬೇಕು. ಗುರುತಿನ ವಸ್ತು ಕೈಬಿಟ್ಟು ಹೋದರೆ ಏನಾಗುತ್ತದೆ ಎಂಬುದನ್ನು ನಾನು ಇದೇ ಅಪ್ಸರಕೊಂಡದ ಕೆಳಗಿನ ಕಡಲಲ್ಲಿ ನೋಡಿದ್ದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಪರಿಚಯದ ಹುಡುಗ ರಜೆಗೆ ಬಂದವನು ಕಾಸರಕೋಡಿನಿಂದ ಚಿಕ್ಕಪ್ಪನ ದೋಣಿ ಹತ್ತಿದ. ಫೋನು ನೀರಿಗೆ ಜಾರಿತು. ಆ ಫೋನಿನಲ್ಲೇ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆ ಬರುವುದು. ಅದಿಲ್ಲದೆ ಆಫೀಸಿನ ಮೇಲ್ ತೆರೆಯದು. ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಅವನು ಅವನಲ್ಲ. ಅಪ್ಸರೆ ಮೇನಕೆಯ ಮಗಳು ಶಕುಂತಲೆಗೆ ಆದದ್ದೂ ಇದೇ ತಾನೆ? ಕಾಳಿದಾಸನ ನಾಟಕದ ಹೆಸರಲ್ಲೇ ‘ಅಭಿಜ್ಞಾನ’ ಇದೆ, ಗುರುತಿನ ವಸ್ತು ಎಂದೇ ಅರ್ಥ. ಉಂಗುರ ನೀರಿಗೆ ಬಿತ್ತು, ಮೀನು ನುಂಗಿತು, ರಾಜನಿಗೆ ಹೆಂಡತಿಯ ಗುರುತು ಸಿಗಲಿಲ್ಲ. ಉಂಗುರ ಹುಡುಕಿಕೊಟ್ಟ ಬೆಸ್ತ ಮೊದಲು ಕಾವಲಿನವರ ಕೈಗೆ ಸಿಕ್ಕಿ ಕಳ್ಳನೆನಿಸಿಕೊಂಡ. ವ್ಯಾಸರ ಕತೆಯಲ್ಲಿ ಉಂಗುರವೇ ಇಲ್ಲ. ಅಲ್ಲಿ ದುಷ್ಯಂತ ಗೊತ್ತಿದ್ದೂ ಗೊತ್ತಿಲ್ಲವೆನ್ನುತ್ತಾನೆ. ಕೊನೆಗೆ ಆಕಾಶವಾಣಿ ಸಾಕ್ಷಿ ನುಡಿಯುತ್ತದೆ. ನನಗೆ ವ್ಯಾಸರ ಕತೆಯೇ ಹೆಚ್ಚು ನಿಜ ಅನ್ನಿಸುತ್ತದೆ. ನಮ್ಮ ಹುಡುಗನಿಗೂ ಮೀನಿನ ಹೊಟ್ಟೆಯಿಂದ ಫೋನು ಬರಲಿಲ್ಲ. ಮೂರನೆಯ ದಿನ ವಿಡಿಯೊ ಕರೆಯಲ್ಲಿ ಗುರುತಿನ ಚೀಟಿ ತೋರಿಸಿ, ಅವನ ಮ್ಯಾನೇಜರ್ ‘ಹೌದು, ಇವನೇ ಅವನು’ ಎಂದ ಮೇಲೆ ಬಾಗಿಲು ತೆರೆಯಿತು.

ಗುರುತಿನ ಈ ಪಾಡು ಇಮೇಲ್ ಇದ್ದವರದು ಮಾತ್ರವೂ ಅಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದಾಗ ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಮಾಡಿದರು, ನಾಳೆ ‘ನಾನಲ್ಲ’ ಎನ್ನಬಾರದೆಂದು. ಈಗ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೂ ಬೆರಳು. ಅಡಿಕೆ ಸುಲಿದು, ಬಲೆ ಎಳೆದು ಗೆರೆ ಸವೆದ ಹೆಬ್ಬೆರಳನ್ನು ಸೀರೆಯ ಸೆರಗಿಗೆ ಒರೆಸಿ ಒರೆಸಿ ಒತ್ತುವ ಮುದುಕಿಯರನ್ನು ನೋಡಿದ್ದೇನೆ. ‘ತಂಬ್ ಬರೂದಿಲ್ಲ’ ಎನ್ನುತ್ತಾರೆ ಅಂಗಡಿಯವರು. ಇಲ್ಲವಾದರೆ ‘ಸರ್ವರ್ ಇಲ್ಲ.’ ನನ್ನ ಆಯಿಯೂ ಆ ಶಬ್ದ ಕಲಿತಿದ್ದಾಳೆ. ಗುಡ್ಡ ಇಳಿದು ಬಂದರೆ ‘ನಿನ್ ಸರ್ವರ್ ಬಂತನೋ ತಮಾ?’ ಎಂದು ಕೇಳುತ್ತಾಳೆ, ಬಸ್ಸು ಬಂತೇ ಎನ್ನುವ ಹಾಗೆ.

ತಿಪಟೂರಿನ ಫೋನಿಗೆ ಬರೋಣ. ಸರ್ವರಿನಲ್ಲಿ ಆ ಫೋನನ್ನು ತಡೆಹಿಡಿದರೆ ಮುಗಿಯಲಿಲ್ಲವೇ ಎಂದು ಬಲ್ಲವರು ಕೇಳಬಹುದು. ಮುಗಿಯುವುದಿಲ್ಲ. ‘ಈ ಫೋನಿಗೆ ಪ್ರವೇಶವಿಲ್ಲ’ ಎಂಬುದನ್ನು ಸರ್ವರ್ ನೋಡುವುದು ಪಾಸ್‌ವರ್ಡ್ ಪರೀಕ್ಷೆ ಆದ ಮೇಲೆ. ಅಷ್ಟರೊಳಗೆ ತಪ್ಪು ಪಾಸ್‌ವರ್ಡಿನ ಲೆಕ್ಕ ಏರಿಯಾಗಿರುತ್ತದೆ. ಆ ಮನೆಯ ಇಂಟರ್ನೆಟ್ ವಿಳಾಸವನ್ನೇ ತಡೆಯಬಹುದು, ಆದರೆ ಮನೆಯ ಬ್ರಾಡ್‌ಬ್ಯಾಂಡಿನ ವಿಳಾಸ ಬದಲಾಗುತ್ತಿರುತ್ತದೆ. ಫೋನಿನೊಳಗಿಂದಲೇ ಖಾತೆ ತೆಗೆಯಬೇಕು. ಮೇಡಂಗೆ ಒಂದು ಕಡೆ ಆಡಿಟರ್, ಒಂದು ಕಡೆ ರಿಟರ್ನು. ನಾನೇ ಮಾತಾಡುತ್ತೇನೆ ಎಂದು ನಂಬರ್ ತೆಗೆದುಕೊಂಡೆ.

ಎತ್ತಿದವರು ನಿವೃತ್ತ ಮೇಷ್ಟ್ರು. ‘ಯಾರಪ್ಪಾ?’ ಎಂದರು. ಹೇಳಿದೆ. ಮಗಳ ಆಫೀಸು ಎಂದ ಕೂಡಲೇ ದನಿ ಬದಲಾಯಿತು: ‘ಅವಳಿಗೇನಾದ್ರೂ ತೊಂದರೆ ಆಯ್ತಾ?’

‘ಏನಿಲ್ಲ ಮೇಷ್ಟ್ರೇ. ನಿಮ್ಮ ಹತ್ತಿರ ಇರೋ ಫೋನಲ್ಲಿ ಪಾಸ್‌ವರ್ಡ್ ಕೇಳ್ತಾ ಒಂದು ಚೌಕ ಏನಾದ್ರೂ ಬರ್ತಿದೆಯಾ?’

‘ಬರ್ತಾನೇ ಇದೆಯಲ್ಲಪ್ಪಾ, ಎಂಟು ಹತ್ತು ದಿನದಿಂದ. ಅದರಲ್ಲಿ ಚುಕ್ಕಿ ಚುಕ್ಕಿ ಇರುತ್ತೆ. ಕೆಳಗೆ ಸರಿ ಅಂತ ಇರುತ್ತೆ. ಒತ್ತೀನಿ. ಮತ್ತೆ ಬರುತ್ತೆ. ಮತ್ತೆ ಒತ್ತೀನಿ.’

ಚುಕ್ಕಿಗಳ ಹಿಂದೆ ಇದ್ದದ್ದು ಹಳೆಯ ಪಾಸ್‌ವರ್ಡ್. ಫೋನು ತಾನಾಗಿಯೂ ಬಡಿಯುತ್ತಿತ್ತು, ಮೇಷ್ಟ್ರೂ ಕೈಜೋಡಿಸುತ್ತಿದ್ದರು. ಇವತ್ತು ಬೆಳಗಿನಿಂದ ಎಷ್ಟು ಸಲ ಒತ್ತಿದಿರಿ ಎಂದೆ. ‘ಲೆಕ್ಕ ಇಟ್ಟಿಲ್ಲಪ್ಪ’ ಎಂದವರು, ಸ್ವಲ್ಪ ತಡೆದು, ‘ಆ ಟಿಂಗ್ ಸದ್ದು ನಿಂತುಹೋಗಿದೆ. ಒತ್ತಿದರೆ ಬರಬಹುದೇನೋ ಅಂತ’ ಎಂದರು.

ಯಾವ ಟಿಂಗ್ ಎಂಬುದು ನನಗೆ ತಕ್ಷಣ ಹೊಳೆಯಲಿಲ್ಲ. ಮಗಳಿಗೆ ಪ್ರತಿ ಸಲ ಆಫೀಸಿನ ಮೇಲ್ ಬಂದಾಗಲೂ ಆ ಫೋನು ಟಿಂಗ್ ಅನ್ನುತ್ತಿತ್ತು. ಅವರು ಯಾವತ್ತೂ ತೆರೆದು ನೋಡಿದವರಲ್ಲ. ಇಂಗ್ಲಿಷ್ ಪತ್ರ, ಅದೂ ಇನ್ನೊಬ್ಬರದು. ಬೆಳಿಗ್ಗೆ ಒಂಬತ್ತೂವರೆಗೆ ಶುರುವಾದರೆ ಅವಳು ಕೆಲಸಕ್ಕೆ ಕೂತಳು. ಮಧ್ಯಾಹ್ನ ಸ್ವಲ್ಪ ಕಡಿಮೆ. ಸಂಜೆ ಏಳರ ಮೇಲೆ ವಿರಳವಾಗಿ, ಎಂಟಕ್ಕೆ ನಿಂತರೆ ಮನೆಗೆ ಹೊರಟಳು ಎಂದು ಅರ್ಥ. ದಿನಾ ಫೋನ್ ಮಾಡಿದರೆ ಅವಳಿಗೆ ಕಿರಿಕಿರಿ. ಇದರಲ್ಲಾದರೆ ಯಾರಿಗೂ ತೊಂದರೆಯಿಲ್ಲ. ಒಂಬತ್ತು ದಿನದಿಂದ ಸದ್ದಿಲ್ಲ. ಅಂದು ರಾತ್ರಿ ಅವಳು ಹಬ್ಬಕ್ಕೆ ಊರಿಗೆ ಬರುವವಳಿದ್ದಳು. ಹೊರಟಳೋ ಇಲ್ಲವೋ ತಿಳಿಯಲೆಂದು ಬೆಳಗಿನಿಂದ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದರು.

‘ನಾನು ಒತ್ತಿದ್ದರಿಂದ ಅವಳ ಕೆಲಸಕ್ಕೆ ಅಡ್ಡಿಯಾಯ್ತಾ?’

ಫೋನೇ ತಾನಾಗಿ ಮಾಡುತ್ತಿತ್ತು ಮೇಷ್ಟ್ರೇ ಎಂದೆ. ಅದು ಪೂರ್ತಿ ಸುಳ್ಳಲ್ಲ.

ಮುಂದಿನದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಹಲ್ಲಿರುವ ಚಕ್ರದ ಚಿತ್ರ ಒತ್ತಿ, ಕೆಳಗೆ ಸರಿಸಿ, ಖಾತೆಗಳು ಎಂದಿರುವಲ್ಲಿ ಹೋಗಿ. ಅವರು ಪ್ರತಿ ಸಾಲನ್ನೂ ಪಾಠ ಓದಿಸುವ ಹಾಗೆ ಗಟ್ಟಿಯಾಗಿ ಓದಿ ಹೇಳಿದರು. ‘ತೆಗೆದುಹಾಕು’ ಎಂಬುದು ಬಂದಾಗ ನಿಂತರು. ‘ಇದನ್ನ ಒತ್ತಿದರೆ ಮೊಮ್ಮಗಳ ಫೋಟೊ ಹೋಗುತ್ತಾ?’ ಹೋಗುವುದಿಲ್ಲ ಎಂದೆ. ‘ಖಾತ್ರಿ?’ ಖಾತ್ರಿ ಎಂದೆ. ಒತ್ತಿದರು.

ಲಾಗ್ ನೋಡುತ್ತಾ ಕೂತೆ. ಐದು ನಿಮಿಷ, ಹತ್ತು ನಿಮಿಷ. ಬಡಿತ ಇಲ್ಲ. ಮೇಡಂ ಖಾತೆಯ ಬೀಗ ತೆಗೆದು ಸಂದೇಶ ಹಾಕಿದೆ. ಆರು ದಾಟಿ ಹತ್ತು ನಿಮಿಷವಾಗಿರಬೇಕು, ಸೂರ್ಯ ಮುಳುಗಿದ. ಉದ್ಯಾನದಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಪಡುವಣಕ್ಕೆ ಎದ್ದವು. ಕಾಸರಕೋಡಿನ ಗಾಳಿಮರಗಳ ಆಚೆ ದೋಣಿಗಳ ದೀಪ ಹತ್ತತೊಡಗಿತ್ತು.

ಮೇಷ್ಟ್ರು ಇನ್ನೂ ಲೈನಿನಲ್ಲಿಯೇ ಇದ್ದರು. ‘ಇನ್ನು ಆ ಟಿಂಗ್ ಬರೋದೇ ಇಲ್ವೇನಪ್ಪಾ?’

‘ಇಲ್ಲ ಮೇಷ್ಟ್ರೇ.’

‘ಹೂಂ.’ ಸ್ವಲ್ಪ ಹೊತ್ತು ಬಿಟ್ಟು, ‘ಹಾಗಾದ್ರೆ ಇವತ್ತು ಅವಳು ಆಫೀಸು ಬಿಟ್ಟಳೋ ಇಲ್ವೋ ಹೇಗೆ ಗೊತ್ತಾಗುತ್ತೆ?’

ಏಳೂವರೆಗೆ ಗುಡ್ಡದ ಮೇಲೆ ನಾನೊಬ್ಬನೇ ಇದ್ದೆ. ಕತ್ತಲಲ್ಲಿ ಕೆಳಗಿನ ಕೊಂಡದ ನೀರಿನ ಸದ್ದು ಹಗಲಿಗಿಂತ ಹತ್ತಿರ ಕೇಳಿಸುತ್ತಿತ್ತು. ಮೇಡಂ ಸಂದೇಶ ಬಂತು: ‘ರಿಟರ್ನ್ ಆಯ್ತು ಸರ್, ಥ್ಯಾಂಕ್ಸ್. ಹೊರಟೆ.’ ಬ್ಯಾಟರಿ ಶೇ 4ಕ್ಕೆ ಇಳಿದಿತ್ತು. ಮನೆಗೆ ಇಳಿದರೆ ಸಿಗ್ನಲ್ ಇಲ್ಲ. ಅಲ್ಲಿಂದಲೇ ತಿಪಟೂರಿನ ನಂಬರ್ ಒತ್ತಿದೆ. ಅರ್ಧ ರಿಂಗಿಗೇ ಎತ್ತಿದರು.